ಜಿಪ್ಸಿಗೆ ಎಸ್ಟೀಮ್ ಎಂಜಿನ್: ಎರಡು ಕ್ಲಚ್ ಹಾಕಿ ನೋಡಿದ ಮೇಲೆ

ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್ ಜೀಪು, ಕಾರ್ಬುರೇಟರ್ ಗಾಡಿ. 60 ಎಚ್‌ಪಿಯ ಹಳೇ ಎಂಜಿನ್ ಹೊಗೆ ಉಗುಳಲು ಶುರು ಮಾಡಿದ ಮೇಲೆ ಗುಜರಿಯಲ್ಲಿ ಸಿಕ್ಕ ಮಾರುತಿ ಎಸ್ಟೀಮ್ ಕಾರಿನ 16 ವಾಲ್ವ್ ಎಂಜಿನ್ ಕೂರಿಸಿದೆ. ಅದೇ 1298 ಸಿಸಿ, ಆದರೆ 80 ಎಚ್‌ಪಿ ಹತ್ತಿರ. (ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಿದ್ದು ಇನ್ನೊಂದು ಕಥೆ, ಬಿಡಿ.)

ಮೊದಲ ಸಲ ರ‍್ಯಾಲಿ ಹುಚ್ಚಿನ ಗೆಳೆಯನ ಮಾತು ಕೇಳಿದೆ. ಫ್ಲೈವೀಲನ್ನು (ಎಂಜಿನ್ ಹಿಂಬದಿಯಲ್ಲಿ ತಿರುಗುವ ಭಾರದ ಚಕ್ರ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವುದು ಇದಕ್ಕೇ) ಲೇತ್‌ಗೆ ಕೊಟ್ಟು ಹತ್ತಿರ ಹತ್ತಿರ ಎರಡು ಕಿಲೋ ಕೊರೆಸಿದೆ, ಜೊತೆಗೆ ಸಿರಾಮಿಕ್ ಬಟನ್‌ಗಳ, ಅಂದರೆ ಗಟ್ಟಿ ಬಿಲ್ಲೆಗಳ ಕ್ಲಚ್ ಪ್ಲೇಟ್. ಹೆದ್ದಾರಿಯಲ್ಲಿ ಮಜಾ ಇತ್ತು, ಕಾಲಿಟ್ಟರೆ ಸಾಕು ಆರ್‌ಪಿಎಂ ಪಟ್ ಅಂತ ಏರುತ್ತಿತ್ತು. ಆದರೆ ತೋಟದ ಏರಿನಲ್ಲಿ ಆರು ಮೂಟೆ ಕಾಫಿ ಹೇರಿಕೊಂಡು ನಿಂತಲ್ಲಿಂದ ಗಾಡಿ ಎತ್ತಬೇಕಲ್ವಾ, ಅಲ್ಲಿ ಮಾನ ಹೋಯಿತು. ಹಾಫ್ ಕ್ಲಚ್ ಅನ್ನೋದೇ ಇಲ್ಲ. ಒಂದೋ ಗಡಗಡ ನಡುಗಿ ಮುಗ್ಗರಿಸುತ್ತದೆ, ಇಲ್ಲಾ ಆಫ್ ಆಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಉಸಿರು ಹಿಡಿದುಕೊಂಡಿರುವುದೇ ಫ್ಲೈವೀಲ್ ತೂಕದಿಂದ, ನಾನು ಅದನ್ನೇ ಕಾಸು ಕೊಟ್ಟು ಕಳೆದುಕೊಂಡಿದ್ದೆ. ಎಂಟು ತಿಂಗಳಿಗೆ ಬಿಚ್ಚಿದಾಗ ಬಟನ್‌ಗಳು ಫ್ಲೈವೀಲ್ ಮುಖದಲ್ಲಿ ಗೆರೆ ಎಳೆದಿದ್ದವು. ಎರಕದ ಕಬ್ಬಿಣವನ್ನು ಹಾಗೆ ತೆಳ್ಳಗೆ ಮಾಡಿದರೆ ಜೋರು ಆರ್‌ಪಿಎಂನಲ್ಲಿ ಒಡೆಯುವ ಅಪಾಯವೂ ಇದೆಯಂತೆ. ಅದು ತಿರುಗುವುದು ನನ್ನ ಕಾಲ ಪಕ್ಕದಲ್ಲೇ, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೇ ಸಲ ಹುಷಾರಾದೆ. ಆಮೇಲೆ ಬಂದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿಗೆ ಮಾರುತಿಯವರೇ ಇದೇ ಎಂಜಿನ್ ಹಾಕಿದ್ದಾರೆ, ಮತ್ತೆ ಹೊಸದಾಗಿ ಪ್ರಯೋಗ ಯಾಕೆ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆ ಗಾಡಿಯದ್ದೇ ಫ್ಲೈವೀಲ್, ಆ ಗಾಡಿಯದ್ದೇ ಕ್ಲಚ್ ಸೆಟ್ ಹುಡುಕಿದೆ. ಒಂದು ಮಾತು, ಕ್ಲಚ್ ಪ್ಲೇಟ್ ಕೂರಬೇಕಾದದ್ದು ಗೇರ್ ಬಾಕ್ಸ್ ಶಾಫ್ಟಿನ ಹಲ್ಲಿಗೆ, ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್ ಹೊಂದಬೇಕಾದದ್ದು ಫ್ಲೈವೀಲ್ ಬೋಲ್ಟುಗಳಿಗೆ, ಫ್ಲೈವೀಲ್ ಸುತ್ತಲಿನ ಹಲ್ಲಿನ ಬಳೆ ಅಂದರೆ ರಿಂಗ್ ಗೇರ್ ಸ್ಟಾರ್ಟರ್ ಮೋಟರಿಗೆ. ಎಂಜಿನ್ ಹೆಸರೊಂದೇ ಹೇಳಿ ತರಬೇಡಿ. ನಾನು ಹಳೇ ಪ್ಲೇಟ್ ಒಯ್ದು ಅಂಗಡಿಯಲ್ಲೇ ಹಲ್ಲು ಎಣಿಸಿದೆ, ಅಂಗಡಿಯವರು ಗೊಣಗಿದರು. ಗೇರ್ ಬಾಕ್ಸ್ ಹೇಗೂ ಇಳಿದಿತ್ತು, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಫ್ಲೈವೀಲ್ ಬೋಲ್ಟು ಎಲ್ಲ ಹೊಸದು ಹಾಕಿಸಿದೆ. ಇಲ್ಲಿ ಸಾವಿರ ರೂಪಾಯಿ ಉಳಿಸಲು ಹೋದರೆ ಮತ್ತೆ ಗೇರ್ ಬಾಕ್ಸ್ ಇಳಿಸುವ ಕೂಲಿ ಕೊಡಬೇಕು.

ಈಗ ಮೂರು ವರ್ಷ, 38,000 ಕಿಲೋಮೀಟರ್. ಮೊದಲ 800 ಕಿಲೋಮೀಟರ್ ಮೆತ್ತಗೆ ಓಡಿಸಿದೆ, ಭಾರ ಹೇರಲಿಲ್ಲ. ಚಾರ್ಮಾಡಿ ಘಾಟಿಯ ಜಾಮಿನಲ್ಲೂ ಕ್ಲಚ್ ಸುಟ್ಟ ವಾಸನೆ ಬಂದಿಲ್ಲ, ಮೂಟೆ ಹೇರಿದರೂ ಮೊದಲ ಗೇರಿನಲ್ಲಿ ತಾನಾಗಿ ಹತ್ತುತ್ತದೆ. ಪಿಕಪ್ ಮಾತ್ರ ಮೊದಲಿನಷ್ಟು ಚುರುಕಿಲ್ಲ. ಕೇಬಲ್ ಕ್ಲಚ್ ಆದ್ದರಿಂದ ಪೆಡಲ್ ಆಟ (ಕ್ಲಚ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಚಲಿಸುವಷ್ಟು ಜಾಗ) ಆಗಾಗ ಸರಿಮಾಡಿಕೊಳ್ಳಬೇಕು, ಕಳೆದ ಮಳೆಗಾಲದಲ್ಲಿ ಒಂದು ಕೇಬಲ್ ತುಕ್ಕು ಹಿಡಿದು ಹೋಯಿತು. ಈಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ.