ತೈವಾನಿನಲ್ಲಿ ಮನೆ ಹುಡುಕಲು 591: ಒಗ್ಗರಣೆ ಹಾಕುವವರ ಕಣ್ಣಲ್ಲಿ

ಚಿಪ್ ಕಂಪನಿಗಳ ಕೆಲಸಕ್ಕೆ ಅಂತ ಸಿಂಚುಗೆ ಬರುವ ನಮ್ಮವರಿಗೆ ಇಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ, 591 ಅನ್ನುವ ವೆಬ್‌ಸೈಟ್ ನೋಡಿ. ಬಾಡಿಗೆ ಮನೆಗೆ ಇಡೀ ತೈವಾನ್ ನೋಡುವುದು ಇದನ್ನೇ. ತೈಪೆ, ಸಿಂಚು, ತೈನಾನ್, ಯಾವ ಊರಾದರೂ ಮನೆಗಳ ರಾಶಿ ಇದೆ, ಬಳಸೋಕೆ ದುಡ್ಡೂ ಕೊಡಬೇಕಿಲ್ಲ. ನನ್ನ ಕಡೆಯಿಂದ 5ಕ್ಕೆ ಮೂರೂವರೆ.

ಒಂದೂವರೆ ಕಳೆದಿದ್ದು ಯಾಕೆ ಅಂದರೆ, ಎಲ್ಲವೂ ಚೀನಿ ಲಿಪಿಯಲ್ಲಿದೆ. ಬ್ರೌಸರಿನ ಅನುವಾದದಲ್ಲಿ ಅರ್ಧ ಅರ್ಥ ಆಗುತ್ತೆ, ಉಳಿದರ್ಧ ಊಹೆ. ಅಳತೆ ಚದರ ಅಡಿಯಲ್ಲಿಲ್ಲ, ಪಿಂಗ್‌ನಲ್ಲಿದೆ. 10 ಪಿಂಗ್ ಅಂದರೆ ಸುಮಾರು 355 ಚದರ ಅಡಿ. ಮನೆ ಇಷ್ಟವಾದ ಮೇಲೆ ಮಾಲೀಕರಿಗೆ ಫೋನ್ ಮಾಡಬೇಕು, ಇಲ್ಲವೇ ಲೈನ್ ಆಪ್‌ನಲ್ಲಿ ಮೆಸೇಜ್ ಹಾಕಬೇಕು. ವಿದೇಶಿಯರು ಅಂದ ಕೂಡಲೇ ಬೇಡ ಅನ್ನುವವರೂ ಇದ್ದಾರೆ. ಅದಕ್ಕೆ ಮ್ಯಾಂಡರಿನ್ ಬರುವ ಸಹೋದ್ಯೋಗಿಯಿಂದಲೇ ಮೊದಲ ಫೋನ್ ಮಾಡಿಸಿ.

ಆದರೆ ಫಿಲ್ಟರುಗಳು ಮಾತ್ರ ಚಿನ್ನ. ನಮ್ಮಂಥವರು ಮೊದಲು ಒತ್ತಬೇಕಾದದ್ದು "ಅಡುಗೆ ಮಾಡಬಹುದು" ಅನ್ನುವುದನ್ನು. ಇಲ್ಲಿ ಊಟ ಹೊರಗೇ ಸುಲಭವಾಗಿ, ಕಡಿಮೆಗೆ ಸಿಗುತ್ತೆ, ಹಾಗಾಗಿ ತಾವ್‌ಫಾಂಗ್ ಅಂತ ಕರೆಯುವ ಒಂಟಿ ರೂಮುಗಳಲ್ಲಿ ಬಚ್ಚಲು ಇರುತ್ತೆ, ಅಡುಗೆಮನೆಯೇ ಇರೋಲ್ಲ. ನಮಗೆ ಒಬ್ಬ ಏಜೆಂಟ್ ಅಡುಗೆಗೆ ತೊಂದರೆಯಿಲ್ಲ ಅಂತ ಕರೆದುಕೊಂಡು ಹೋದ. ನೋಡಿದರೆ ಒಂದು ಸಿಂಕ್, ಪಕ್ಕದಲ್ಲಿ ಎಲೆಕ್ಟ್ರಿಕ್ ಕೆಟಲ್ ಇಡುವಷ್ಟು ಕಟ್ಟೆ. ಅಲ್ಲಿ ಇಂಗು, ಸಾಸಿವೆ ಸಿಡಿಸಿದರೆ ಹಾಸಿಗೆಗೂ ಒಗ್ಗರಣೆ ಬೀಳುತ್ತೆ! ಒಲೆ ಗ್ಯಾಸಿನದಾ, ಹೊಗೆ ಹೊರಗೆ ಹೋಗುತ್ತಾ, ಇಷ್ಟನ್ನು ನೋಡಿಯೇ ಮಾತು ಮುಂದುವರಿಸಿ. ಏಜೆಂಟ್ ಮೂಲಕ ಹೋದರೆ ಅವರಿಗೂ ಸಾಮಾನ್ಯವಾಗಿ ಅರ್ಧ ತಿಂಗಳ ಬಾಡಿಗೆ ಹೋಗುತ್ತೆ. ಮಾಲೀಕರೇ ಹಾಕಿದ ಮನೆಗಳನ್ನಷ್ಟೇ ತೋರಿಸುವ ಫಿಲ್ಟರೂ ಇದೆ.

ಎರಡನೆಯದು, ಟೆರೇಸ್ ಮೇಲೆ ಆಮೇಲೆ ಕಟ್ಟಿದ ಮನೆಗಳನ್ನು ಬಿಟ್ಟು ತೋರಿಸುವ ಫಿಲ್ಟರ್. ತಗಡು ಹೊದಿಸಿದ ಇಂಥವು ಹೆಚ್ಚಿನವು ಪರವಾನಗಿ ಇಲ್ಲದವು, ಬಾಡಿಗೆ ಕಡಿಮೆ, ಜುಲೈನಲ್ಲಿ ಒಳಗೆ ಕೂರೋಕಾಗಲ್ಲ. ಎಸಿ ಹಾಕೋಣ ಅಂದರೆ ಎಷ್ಟೋ ಮಾಲೀಕರು ಕರೆಂಟಿಗೆ ಯೂನಿಟ್ ಲೆಕ್ಕದಲ್ಲಿ ತಮ್ಮದೇ ದರ ಹಾಕುತ್ತಾರೆ. ಅದನ್ನು ಕರಾರಿಗೆ ಮೊದಲೇ ಕೇಳಿ. ಕಟ್ಟಡದ ವಯಸ್ಸನ್ನೂ ನೋಡಿ: 1999ರ ಸೆಪ್ಟೆಂಬರ್ 21ರ ದೊಡ್ಡ ಭೂಕಂಪದ ನಂತರ ಕಟ್ಟಡದ ನಿಯಮಗಳು ಬಿಗಿಯಾದವು, ಅದಕ್ಕೇ ಆಮೇಲೆ ಕಟ್ಟಿದವಕ್ಕೆ ನನ್ನ ಓಟು.

ಯಾವ ಫಿಲ್ಟರಿಗೂ ಸಿಗದ್ದು ತೇವ. ಮೇ, ಜೂನ್‌ನಲ್ಲಿ ಇಲ್ಲಿ ಬಿಡದೆ ಸುರಿಯುವ ಮಳೆಗಾಲ ಒಂದಿದೆ, ಆಮೇಲೆ ಚಂಡಮಾರುತಗಳು. ಮಲೆನಾಡಿನ ಆಷಾಢದ ಹಾಗೆ ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಸ್ಟು. ಫೋಟೋದಲ್ಲಿ ಗೋಡೆ ಬೆಳ್ಳಗೆ ಕಾಣುತ್ತೆ, ಹೊಸ ಬಣ್ಣ ಎಲ್ಲವನ್ನೂ ಮುಚ್ಚುತ್ತೆ. ಹೋದಾಗ ಬೀರುವಿನ ಬಾಗಿಲು ತೆಗೆದು ಮೂಸಿ ನೋಡಿ, ಸಂಕೋಚ ಬೇಡ. ಬಚ್ಚಲಿಗೆ ಕಿಟಕಿ ಇಲ್ಲದಿದ್ದರೆ ನಾನಂತೂ ಬೇಡ ಅನ್ನುತ್ತೇನೆ. ಹೇಗಿದ್ದರೂ ತೇವ ಹೀರುವ ಮೆಷಿನ್ ಒಂದು ಕೊಳ್ಳಲೇಬೇಕು.

ದುಡ್ಡಿನ ವಿಷಯ ಸಲೀಸು. ಕಾನೂನಿನ ಪ್ರಕಾರ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಎಣಿಸಿದವರಿಗೆ ಇದು ನಂಬೋಕೆ ಕಷ್ಟ ಅಲ್ವಾ?

ಕೊನೆಗೆ ಕಸ. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ, ಬೀಥೋವನ್ ಟ್ಯೂನ್ ಹಾಕಿಕೊಂಡು ಲಾರಿ ಬಂದಾಗ ನೀವೇ ಚೀಲ ಹಿಡಿದು ಕೆಳಗೆ ಓಡಬೇಕು. ಫ್ಯಾಬ್‌ನಿಂದ, ಅಂದರೆ ಚಿಪ್ ಕಾರ್ಖಾನೆಯಿಂದ, ತಡವಾಗಿ ಬರುವವರಾದರೆ ಕಸದ ರೂಮಿರುವ ಕಟ್ಟಡವನ್ನೇ ಹುಡುಕಿ, ಅದರ ತಿಂಗಳ ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ.