ಡೇವ್, ಮರೇನಿಯನ್, ಟ್ರಾವೆಲರ್ಸ್ ರೆಸ್ಟ್: ಗಲ್ಲಾದ ಮೇಲೆ ಕೂತವನ ಕಣ್ಣಲ್ಲಿ ಮೂರು ಹೋಟೆಲ್ ಗೇಮ್

ಕಲಬುರಗಿಯಲ್ಲಿ ನಮ್ಮ ಕಾಕಾ ಅವರದೊಂದು ಖಾನಾವಳಿ ಇದೆ. ಹತ್ತೇ ಟೇಬಲ್. ಕಾಲೇಜಿನ ಮೂರು ವರ್ಷ ಮಧ್ಯಾಹ್ನದ ಹೊತ್ತು ಗಲ್ಲಾದ ಮೇಲೆ ನಾನೇ ಕೂರುತ್ತಿದ್ದೆ. ಹಾಗಾಗಿ ಹೋಟೆಲ್ ನಡೆಸುವ ಗೇಮ್ ಸಿಕ್ಕರೆ ನಾನು ಮೊದಲು ಹುಡುಕುವುದು ಒಂದನ್ನೇ. ಒಂದು ಟೇಬಲ್‌ಗೆ ರೊಟ್ಟಿ ಸಾಲುತ್ತಿಲ್ಲ, ಇನ್ನೊಂದು ಕಡೆ ಪುಂಡಿ ಪಲ್ಯ ಕೇಳುತ್ತಿದ್ದಾರೆ, ಒಳಗೆ ಪಲ್ಯ ಮುಗಿದಿದೆ, ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದಾರೆ. ಆ ಗದ್ದಲ ಇದರಲ್ಲಿ ಇದೆಯಾ?

ಡೇವ್ ದಿ ಡೈವರ್‌ನಲ್ಲಿ ಇದೆ. ಹಗಲು ಬ್ಲೂ ಹೋಲ್ ಅನ್ನುವ ಸಮುದ್ರದ ಆಳ ಗುಂಡಿಗೆ ಇಳಿದು ಮೀನು ಹಿಡಿಯಬೇಕು, ರಾತ್ರಿ ಅದೇ ಮೀನನ್ನು ಬಾಂಚೊ ಸುಶಿ ಅನ್ನುವ ಹೋಟೆಲಲ್ಲಿ ಬಡಿಸಬೇಕು. ಅಡುಗೆ ಬಾಂಚೊ ನೋಡಿಕೊಳ್ಳುತ್ತಾನೆ. ತಟ್ಟೆ ಹಿಡಿದು ಓಡುವುದು, ಪಾತ್ರೆ ಎತ್ತುವುದು, ಸುಶಿ ಜೊತೆ ಕೊಡುವ ಖಾರದ ವಸಾಬಿ ಮುಗಿದರೆ ತುರಿದಿಡುವುದು ನಮ್ಮ ಕೆಲಸ. ನನಗೆ ಜಾಸ್ತಿ ಇಷ್ಟವಾಗಿದ್ದು ಚಹಾ ಸುರಿಯುವುದು. ಬಟನ್ ಒತ್ತಿ ಹಿಡಿದರೆ ಲೋಟ ತುಂಬುತ್ತಾ ಹೋಗುತ್ತದೆ, ಗೆರೆಗೆ ಸರಿಯಾಗಿ ಬಿಡಬೇಕು. ಅಷ್ಟರಲ್ಲಿ ಪಕ್ಕದವನು ಸಿಟ್ಟಿಗೆ ಬರುತ್ತಿರುತ್ತಾನೆ, ಕಣ್ಣು ಆ ಕಡೆ ಹೋಗುತ್ತದೆ, ಚಹಾ ಚೆಲ್ಲುತ್ತದೆ. ಮಜ್ಜಿಗೆ ಜಗ್ಗು ಹಿಡಿದು ಟೇಬಲ್‌ಗಳ ನಡುವೆ ಓಡಾಡಿದವರಿಗೆ ಈ ಎರಡು ಸೆಕೆಂಡು ಏನು ಅಂತ ಗೊತ್ತು.

ಇನ್ನೊಂದು ಲೆಕ್ಕವೂ ಇದರಲ್ಲಿ ಸರಿಯಾಗಿದೆ. ಇಂತಿಷ್ಟು ಪ್ಲೇಟು ಅಂತ ಮೊದಲೇ ಮಾಡಿಟ್ಟರೆ ಉಳಿದದ್ದು ರಾತ್ರಿ ಕೊನೆಗೆ ದಂಡ. ಮಳೆ ಬಂದ ದಿನ ಎಷ್ಟು ಹಿಟ್ಟು ನಾದಬೇಕು ಅಂತ ಕಾಕಾನ ಹೆಂಡತಿ, ನಮ್ಮ ಕಾಕು, ಯೋಚಿಸುತ್ತಾ ನಿಲ್ಲುವುದೂ ಇದೇ ಲೆಕ್ಕಕ್ಕೆ ಅಲ್ವಾ?

ಆದರೆ ಡೇವ್‌ನಲ್ಲಿ ಅಂಗಡಿ ತೆರೆದಿರುವುದು ಕೆಲವೇ ನಿಮಿಷ. ಆಟದ ಬಹುಪಾಲು ನೀರೊಳಗೆ. ಅಲ್ಲಿ ಆಮ್ಲಜನಕವೇ ಜೀವ. ಅದು ಖಾಲಿಯಾದರೆ ಹಿಡಿದದ್ದರಲ್ಲಿ ಒಂದನ್ನು ಮಾತ್ರ ಮೇಲೆ ತರಬಹುದು. ಮೊದಮೊದಲು ಇದು ಚೆನ್ನಾಗಿದೆ, ಇನ್ನೊಂದು ಮೀನು ಬೇಕಾ ಅಥವಾ ಈಗಲೇ ಹೊರಡಲಾ ಅನ್ನುವ ಆಸೆ ಮತ್ತು ಭಯ ಎರಡೂ ಒಟ್ಟಿಗೆ ಇರುತ್ತವೆ. ಮುಂದೆ ಹೋದಂತೆ ಹೊಲ, ಮೀನು ಸಾಕಣೆ, ಸಮುದ್ರದ ಜನರ ಊರು, ಹೊಸ ಶಾಖೆ ಅಂತ ಒಂದರ ಮೇಲೊಂದು ಬಂದು ಬೀಳುತ್ತವೆ. ಹೋಟೆಲ್ ಮೂಲೆಗೆ ಸರಿಯುತ್ತದೆ. ಕಾಕಾನ ಮಗ ಎರಡು ದಿನ ಆಡಿ ನನ್ನನ್ನು ಕೇಳಿದ, "ಅಣ್ಣಾ, ನೀರಿಗಿಳಿಯದೇ ಬರೀ ಅಂಗಡಿ ನಡೆಸಾಕ ಬರಲ್ಲೇನು?" ಬರಲ್ಲ. ಮೀನಿಲ್ಲದೆ ಮೆನು ಇಲ್ಲ.

ಹಳೇ ಗೇಮ್‌ಗಳ ಹಾಗೆ ಚೌಕ ಚೌಕದ ಪಿಕ್ಸೆಲ್ ಚಿತ್ರ ನೋಡಿ ಇದು ಇಬ್ಬರು ಮೂವರು ಸೇರಿ ಮಾಡಿದ ಗೇಮ್ ಅಂದುಕೊಂಡಿದ್ದೆ. ಅಲ್ಲ, ಮಿಂಟ್‌ರಾಕೆಟ್ ಅನ್ನುವುದು ಕೊರಿಯಾದ ದೊಡ್ಡ ಕಂಪನಿ ನೆಕ್ಸಾನ್‌ದೇ ತಂಡ. 2023ರಲ್ಲಿ ಗೇಮ್ ಅವಾರ್ಡ್ಸ್‌ನ ಇಂಡಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ತಂಡಗಳ ವಿಭಾಗಕ್ಕೆ ಇದನ್ನು ನಾಮನಿರ್ದೇಶನ ಮಾಡಿದಾಗ ಇದೇ ಕಾರಣಕ್ಕೆ ತಕರಾರು ಎದ್ದಿತ್ತು. ಪಿಕ್ಸೆಲ್ ಅಂದ ಮಾತ್ರಕ್ಕೆ ಹಗುರ ಅಂತಲೂ ಅಂದುಕೊಳ್ಳಬೇಡಿ. ಸಮುದ್ರದ ತಳ, ಬಂಡೆ ಎಲ್ಲ ತ್ರೀಡಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ನನ್ನ ಹಳೇ ಲ್ಯಾಪ್‌ಟಾಪ್ ಹಂಚಿನಷ್ಟು ಕಾಯ್ದಿತ್ತು. ಒಮ್ಮೆ ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟು, ಹಿಡಿದ ಮೀನೆಲ್ಲ ಹೋಯಿತು, ಯಾಕಂದರೆ ನೀರೊಳಗಿದ್ದಾಗ ಸೇವ್ ಮಾಡಲು ಬರುವುದಿಲ್ಲ.

ಮರೇನಿಯನ್ ಟ್ಯಾವರ್ನ್ ಸ್ಟೋರಿ ಫೋನಲ್ಲೇ ಆಡಬಹುದು. ಜಪಾನಿನ ಕೆಮ್ಕೊ ಕಂಪನಿಯದು, ಹಳೇ ಕಾಲದ ರೋಲ್ ಪ್ಲೇಯಿಂಗ್ ಗೇಮ್‌ಗಳ ಹಾಗೆ ಒಬ್ಬರಾದ ಮೇಲೆ ಒಬ್ಬರು ಹೊಡೆದಾಡುವುದು. ಮೂರರಲ್ಲಿ ಯೋಚನೆ ಎಲ್ಲಕ್ಕಿಂತ ಚೆನ್ನಾಗಿರುವುದು ಇದರದೇ. ಇಲ್ಲಿ ಲೆವೆಲ್ ಏರುವುದು ತಿಂದು! ಕಾಡಿನಿಂದ ಸಾಮಾನು ತಂದು, ಯಾವುದಕ್ಕೆ ಯಾವುದು ಬೆರೆಸಿದರೆ ಏನಾಗುತ್ತದೆ ಅಂತ ನೋಡಿ, ಒಂದು ಒಳ್ಳೆ ಅಡುಗೆ ಮಾಡುತ್ತೀರಿ. ಅದನ್ನು ಮಾರಿದರೆ ದುಡ್ಡು. ಹೊಡೆದಾಡುವ ನಮ್ಮ ತಂಡದವರಿಗೇ ಉಣಿಸಿದರೆ ಅವರಿಗೆ ಶಕ್ತಿ. ಪ್ರತಿ ತಟ್ಟೆಗೂ ಈ ಪ್ರಶ್ನೆ ಏಳುತ್ತದೆ. ಎಷ್ಟೋ ರಾತ್ರಿ ಕಾಕು ಕೊನೆಯ ಎಣ್ಣೆಗಾಯಿ ಗಿರಾಕಿಗೆ ಹಾಕಿ ತಾನು ಶೇಂಗಾ ಹಿಂಡಿ, ಮೊಸರಲ್ಲಿ ಉಂಡಿದ್ದನ್ನು ನೋಡಿದ್ದೇನೆ. ಈ ಗೇಮ್ ಮಾಡಿದವರಿಗೆ ಅಡುಗೆಮನೆಯ ಒಳಗಿನ ಲೆಕ್ಕ ಗೊತ್ತಿದೆ ಅನ್ನಿಸಿತು.

ಇಷ್ಟೆಲ್ಲ ಇದ್ದೂ ಬಡಿಸುವ ಹೊತ್ತಿಗೆ ಬರುವುದು ಬೇಜಾರೇ. ಮೆನು ಇಟ್ಟು ಅಂಗಡಿ ತೆರೆದರೆ ಜನ ಬಂದು ಹೋಗುತ್ತಾರೆ, ದುಡ್ಡು ಬೀಳುತ್ತದೆ, ನಾವು ಸುಮ್ನೆ ನೋಡುತ್ತಾ ಕೂರಬೇಕು. ಸಾಮಾನಿಗಾಗಿ ಅದೇ ಜಾಗಕ್ಕೆ ಹತ್ತು ಸಲ ಹೋಗಿ ಅದೇ ಪ್ರಾಣಿಗಳ ಜೊತೆ ಹೊಡೆದಾಡುವುದೂ ಬೇಸರ ತರಿಸುತ್ತದೆ. ನಾನು ಇದನ್ನು ಆಡಿ ಮುಗಿಸಿದ್ದು ಬೀದರ್‌ಗೆ ಹೋಗಿ ಬರುವ ಬಸ್ಸಲ್ಲಿ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ. ಇದಕ್ಕೆ ಹೊಂದುವುದೂ ಅದೇ.

ಟ್ರಾವೆಲರ್ಸ್ ರೆಸ್ಟ್ 2020ರಲ್ಲಿ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿ ಮುಗಿಯುವ ಮೊದಲೇ ಮಾರಾಟಕ್ಕೆ, ಬಂದಿದ್ದು. ಹೊಡೆದಾಟ ಇಲ್ಲ. ಬಿಯರ್ ಮಾಡುವುದು, ಟೇಬಲ್ ಒರೆಸುವುದು, ಕಸ ಗುಡಿಸುವುದು, ಗಲಾಟೆ ಮಾಡುವವರನ್ನು ಹೊರಗೆ ಕಳಿಸುವುದು. ಕೊಳೆ ಕೆಲಸವನ್ನು ಆಟದೊಳಗೆ ತಂದಿದ್ದಕ್ಕೆ ಇದರ ಮೇಲೆ ನನಗೆ ಗೌರವ ಇದೆ, ಆದರೆ ತಯಾರಿಗೆ ಕಾಯುವುದು ಜಾಸ್ತಿ, ಕಥೆ ಕಮ್ಮಿ. ಇಪ್ಪತ್ತು ಗಂಟೆಗೆ ನಿಲ್ಲಿಸಿದೆ.

ಲ್ಯಾಪ್‌ಟಾಪ್ ಇದ್ದರೆ ಡೇವ್ ತಗೊಳ್ಳಿ, ಮೊದಲರ್ಧವೇ ಕೊಟ್ಟ ದುಡ್ಡಿಗೆ ಸಾಕು. ಫೋನ್ ಮಾತ್ರ ಇದ್ದರೆ ಮರೇನಿಯನ್. ಮೂರರಲ್ಲೂ ಕನ್ನಡ ಇಲ್ಲ, ಇಂಗ್ಲಿಷ್‌ನಲ್ಲೇ ಓದಬೇಕು.

ಮೂರರಲ್ಲೂ ಸಿಗದೇ ಇದ್ದದ್ದು ಕಾಯಂ ಗಿರಾಕಿ. ನಮ್ಮಲ್ಲಿಗೆ ಒಬ್ಬ ಮಾಸ್ತರು ಬರುತ್ತಿದ್ದರು. ಕೂತ ಕೂಡಲೇ ಎರಡು ಕಡಕ್ ರೊಟ್ಟಿ, ಮೊಸರು, ಮುರಿದ ಉಳ್ಳಾಗಡ್ಡಿ ಮುಂದಿಡಬೇಕು. ಏನು ಬೇಕು ಅಂತ ಕೇಳಿದರೆ ಮುಖ ಎತ್ತಿ ನೋಡುತ್ತಿದ್ದರು, "ಯಾಕ್ ತಮ್ಮಾ, ಮರ್ತಿಯೇನು?"