ಹಳೇ ಪದ್ಮಿನಿಯ ಜಾಯಿಂಟುಗಳಿಗೆ ಪಿಯು ಸೀಲರ್: ಕರಾವಳಿ ಮಳೆಯಲ್ಲಿ ಬಳಸಿದವನ ಮಾತು

ಕಾರು: 1986ರ ಪ್ರೀಮಿಯರ್ ಪದ್ಮಿನಿ
ಊರು: ಉಡುಪಿ ಕಡೆ, ಸಮುದ್ರಕ್ಕೆ ಹತ್ತಿರ
ಬಳಸಿದ್ದು: ಪಾಲಿಯುರೆಥೇನ್ (ಪಿಯು) ಸೀಮ್ ಸೀಲರ್, ಅಂದರೆ ತಗಡಿನ ಜಾಯಿಂಟಿನ ಸಂದು ಮುಚ್ಚುವ ಪೇಸ್ಟು, 300 ಎಂಎಲ್ ಟ್ಯೂಬ್
ಹಾಕಿದ್ದು: 2021ರ ಬೇಸಿಗೆಯಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಸೀಲರ್ ಒಳ್ಳೆಯದೇ, ಆದರೆ ಅದು ತುಕ್ಕಿಗೆ ಮದ್ದಲ್ಲ. ತುಕ್ಕು ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ, ಪ್ರೈಮರ್ ಹೊಡೆದ ಮೇಲೆ ಹಾಕಿದ ಕಡೆಗಳಲ್ಲಿ ಇವತ್ತಿಗೂ ನೀರು ಒಳಗೆ ಬಂದಿಲ್ಲ. ತುಕ್ಕಿನ ಮೇಲೇ ಬಳಿದ ಒಂದು ಕಡೆ ಮಾತ್ರ ಎರಡನೇ ಮಳೆಗಾಲಕ್ಕೇ ಗುಳ್ಳೆ ಎದ್ದಿತು. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಹೆಸರು ಯಾವುದೇ ಇರಲಿ, ಈ ಜಾತಿಯ ಟ್ಯೂಬುಗಳ ಗುಣ ಸುಮಾರಾಗಿ ಒಂದೇ.

ಪದ್ಮಿನಿ ಇಟ್ಟುಕೊಂಡವರಿಗೆ ಜಾಯಿಂಟಿನ ತುಕ್ಕು ಹೊಸ ವಿಷಯ ಅಲ್ಲ. ಮುಂಬೈಯ ಕುರ್ಲಾದಲ್ಲಿ 1960ರ ದಶಕದಿಂದ ತಯಾರಾಗುತ್ತಿದ್ದ ಈ ಗಾಡಿ ಮೂಲದಲ್ಲಿ ಇಟಲಿಯ ಫಿಯೆಟ್ 1100. ಜೀಪಿಗೆ ಇರುವಂಥ ಬೇರೆ ಚಾಸಿ ಇದಕ್ಕಿಲ್ಲ, ಬಾಡಿಯೇ ಚಾಸಿ. ಫ್ಲೋರು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡು, ಚಕ್ರದ ಮೇಲಿನ ಒಳ ಕಮಾನು ಎಲ್ಲ ಸೇರಿಯೇ ಭಾರ ಹೊರಬೇಕು. ಅಲ್ಲಿ ಜಾಯಿಂಟು ಕೊಳೆತರೆ ಬರೀ ಅಂದ ಕೆಡುವುದಲ್ಲ. ಬಾಗಿಲು ಸರಿಯಾಗಿ ಕೂರುವುದಿಲ್ಲ. ಜ್ಯಾಕ್ ಕೊಟ್ಟರೆ ತಗಡೇ ಒಳಗೆ ಹೋಗುತ್ತದೆ.

ಜಾಯಿಂಟಿನಲ್ಲೇ ಯಾಕೆ ತುಕ್ಕು? ಎರಡು ತಗಡನ್ನು ಒಂದರ ಮೇಲೊಂದು ಇಟ್ಟು ಸ್ಪಾಟ್ ವೆಲ್ಡ್, ಅಂದರೆ ಚುಕ್ಕಿ ಚುಕ್ಕಿಯಾಗಿ ಬೆಸುಗೆ, ಮಾಡಿರುತ್ತಾರೆ. ಒಂದು ಚುಕ್ಕಿಗೂ ಇನ್ನೊಂದಕ್ಕೂ ನಡುವೆ ಸಣ್ಣ ಸಂದು ಉಳಿಯುತ್ತದೆ. ನೀರು ಅದರೊಳಗೆ ತಾನಾಗಿ ಎಳೆದುಕೊಂಡು ಹೋಗಿ ಕೂರುತ್ತದೆ, ಬೇಗ ಒಣಗುವುದೂ ಇಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತದಲ್ವಾ, ಅದು ಉಬ್ಬಿ ಎರಡು ತಗಡನ್ನೂ ಬಿಡಿಸುತ್ತದೆ. ಹೊರಗಿನ ಪೇಂಟು ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಕಂಪನಿಯಲ್ಲಿ ಹಾಕಿದ ಹಳೇ ಸೀಲರು ಅಷ್ಟರಲ್ಲಿ ಕಲ್ಲಾಗಿ ಬಿರುಕು ಬಿಟ್ಟಿರುತ್ತದೆ. ಮೇಲಿಂದ ನಮ್ಮ ಉಪ್ಪು ಗಾಳಿ, ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ.

ಟಿಂಕರಿಂಗ್ ಮಾಡಿದವರು ಹಳೇ ಕೈ. ವೆಲ್ಡಿಂಗ್ ಚೊಕ್ಕ. ಸೀಲರ್ ವಿಷಯಕ್ಕೆ ಬಂದಾಗ ಮಾತ್ರ ನಮ್ಮಿಬ್ಬರಿಗೂ ವಾದ ಆಯಿತು. "ಎಂತಕ್ಕೆ ಮಾರಾಯ್ರೆ ಇಷ್ಟು ಖರ್ಚು? ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಹಾಕಿದ್ರೆ ಆಯ್ತಲ್ಲ" ಅಂದರು. ಆಗಲಿಕ್ಕಿಲ್ಲ. ಸಿಲಿಕಾನಿನ ಮೇಲೆ ಪೇಂಟು ಹಿಡಿಯುವುದಿಲ್ಲ. ಒರೆಸಿ ತೆಗೆದರೂ ಅದರ ಅಂಶ ತಗಡಿನ ಮೇಲೆ ಉಳಿದು, ಪೇಂಟು ಹೊಡೆದಾಗ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ವಿನೆಗರ್ ವಾಸನೆಯ ಸಿಲಿಕಾನ್ ಅಂತೂ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ತುಕ್ಕು ತಡೆಯಲು ಆಸಿಡ್ ಹಾಕಿದ ಹಾಗಾಯಿತು! ಪುಟ್ಟಿ, ಎಂ-ಸೀಲ್ ಕೂಡ ಈ ಕೆಲಸಕ್ಕೆ ಅಲ್ಲ. ಅವು ಗಟ್ಟಿಯಾಗುತ್ತವೆ. ಗಾಡಿ ಹೊಂಡ ಹಾರಿದಾಗ ಬಾಡಿ ಸ್ವಲ್ಪ ತಿರುಚುತ್ತದೆ, ಗಟ್ಟಿ ಪದಾರ್ಥ ಬಿರಿಯುತ್ತದೆ. ಪಿಯು ಸೀಲರ್ ಒಣಗಿದ ಮೇಲೂ ರಬ್ಬರಿನ ಹಾಗೆ ಬಗ್ಗುತ್ತದೆ. ನಾವು ದುಡ್ಡು ಕೊಡುವುದು ಆ ಗುಣಕ್ಕೇ.

ಕೆಲಸದ ಕ್ರಮ ಇಷ್ಟು. ಹಳೇ ಸೀಲರನ್ನು ಹೀಟ್ ಗನ್ ಮತ್ತು ಸ್ಕ್ರೇಪರಿನಿಂದ ಕೆರೆದರು. ಕೊಳೆತ ತಗಡು ಕತ್ತರಿಸಿದರು. ಒಂದಕ್ಕೊಂದು ತಾಗುವ ಅಂಚುಗಳಿಗೆ ಸತು ಇರುವ ವೆಲ್ಡ್-ಥ್ರೂ ಪ್ರೈಮರ್ (ಅದರ ಮೇಲೆಯೇ ವೆಲ್ಡ್ ಮಾಡಬಹುದು) ಹೊಡೆದು ಆಮೇಲೆ ವೆಲ್ಡ್ ಮಾಡಿದರು. ಗ್ರೈಂಡ್ ಮಾಡಿ, ಜಿಡ್ಡು ಒರೆಸಿ, ಎಪಾಕ್ಸಿ ಪ್ರೈಮರ್ ಹೊಡೆದರು. ಸೀಲರ್ ಬಂದದ್ದು ಅದರ ಮೇಲೆ, ಬರೀ ತಗಡಿನ ಮೇಲಲ್ಲ. ಸೀಲರ್ ಹಾಕಿದ ಜಾಗದ ಹತ್ತಿರ ಮತ್ತೆ ವೆಲ್ಡಿಂಗ್ ಮಾಡಬಾರದು. ಬಿಸಿಗೆ ಅದು ಬಿಡುವ ಹೊಗೆಯಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು.

ಹಾಕುವುದೇನೂ ಬ್ರಹ್ಮವಿದ್ಯೆ ಅಲ್ಲ, ಆದರೆ ಕೈ ಚುರುಕಾಗಿರಬೇಕು. ಇದು ಗಾಳಿಯ ತೇವದಿಂದ ಗಟ್ಟಿಯಾಗುವ ವಸ್ತು. ನಮ್ಮೂರಿನ ಹವೆಯಲ್ಲಿ ಬಹಳ ಬೇಗ ಮೇಲೆ ಸಿಪ್ಪೆ ಕಟ್ಟುತ್ತದೆ. ಅಷ್ಟರೊಳಗೆ ಬೆರಳಿನಿಂದಲೋ ಬ್ರಶ್‌ನಿಂದಲೋ ಸಮ ಮಾಡಿ ಮುಗಿಸಬೇಕು. ಹಳೇ ಗಾಡಿಗೆ ಬ್ರಶ್ಶೇ ಚೆಂದ. ಕಾರ್ಖಾನೆಯಲ್ಲಿ ಬಳಿದ ಗುರುತಿನ ಹಾಗೇ ಕಾಣುತ್ತದೆ. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಒಳಗೆ ಪೂರ್ತಿ ಗಟ್ಟಿಯಾಗಲು ಸಮಯ ಬೇಕು, ದಿನಕ್ಕೆ 3 ಮಿ.ಮೀ. ಆಸುಪಾಸು ಅಂತ ಲೆಕ್ಕ ಇಟ್ಟುಕೊಳ್ಳಿ. ವಿಜಯಪುರ, ರಾಯಚೂರಿನ ಒಣ ಹವೆಯಲ್ಲಿ ಇನ್ನೂ ನಿಧಾನ ಆಗಬಹುದು.

ಈಗ ಹೇಗಿದೆ? ಪ್ರತಿ ಮಳೆಗಾಲ ಮುಗಿದ ಮೇಲೆ ಮ್ಯಾಟ್ ಎತ್ತಿ ನೋಡುತ್ತೇನೆ. ಫ್ಲೋರು ಮತ್ತು ರನ್ನಿಂಗ್ ಬೋರ್ಡು ಸೇರುವ ಕಡೆ ಒಣಗಿಯೇ ಇದೆ. ಉಗುರಿನಿಂದ ಒತ್ತಿದರೆ ಸೀಲರ್ ಈಗಲೂ ಮೆತ್ತಗೆ. ಡಿಕ್ಕಿಯ ಮೂಲೆಯಲ್ಲಿ ಮೊದಲು ಸ್ಟೆಪ್ನಿಯ ಕೆಳಗೆ ನೀರು ನಿಲ್ಲುತ್ತಿತ್ತು, ಈಗ ಇಲ್ಲ.

ಗುಳ್ಳೆ ಎದ್ದದ್ದು ಹಿಂದಿನ ಎಡ ಚಕ್ರದ ಒಳ ಕಮಾನಿನಲ್ಲಿ. ಅದನ್ನು ಟಿಂಕರ್ ಮುಟ್ಟಿರಲಿಲ್ಲ. ಪೇಂಟಿಂಗ್ ಶಾಪಿನಲ್ಲಿ ಯಾರೋ ತುಕ್ಕು ಕೆರೆಯದೆ ಸುಮ್ನೆ ಮೇಲಿಂದ ಬಳಿದು ಮುಚ್ಚಿದ್ದರು. ಕಿತ್ತಾಗ ಸೀಲರ್ ಚರ್ಮದ ಹಾಗೆ ಇಡಿಯಾಗಿ ಎದ್ದು ಬಂತು, ಅದರ ಹಿಂಬದಿಗೆ ಕೆಂಪು ತುಕ್ಕು ಅಂಟಿಕೊಂಡಿತ್ತು. ಸೀಲರ್ ತನ್ನ ಕೆಲಸ ಮಾಡಿತ್ತು, ತುಕ್ಕನ್ನು ಗಟ್ಟಿ ಹಿಡಿದಿತ್ತು. ತುಕ್ಕೇ ತಗಡನ್ನು ಬಿಟ್ಟಿತ್ತು.

ಸೀಲರ್ ಬಗ್ಗೆಯೇ ನನ್ನ ತಕರಾರು ಎರಡು. ಒಂದು, ಬಿಸಿಲು. ಪೇಂಟಿಲ್ಲದೆ ಬಿಟ್ಟ ಕಡೆ ಹಳದಿ ತಿರುಗಿ ಮೇಲ್ಮೈ ಪುಡಿಪುಡಿ ಆಗುತ್ತದೆ. ಪೇಂಟು ಹೊಡೆದರೂ, ದಪ್ಪ ಹಾಕಿದ ಕಡೆ ಸೀಲರ್ ಬಗ್ಗುತ್ತದೆ, ಪೇಂಟು ಬಗ್ಗುವುದಿಲ್ಲ. ರೂಫಿನ ಅಂಚಿನ ನೀರಿನ ಚಾನೆಲಿನಲ್ಲಿ ನನಗೆ ಹಾಗೇ ಸಣ್ಣ ಗೆರೆಗಳು ಬಂದಿವೆ. ನೀರು ಇಳಿಯುವುದಿಲ್ಲ, ನೋಡಲು ಬೇಸರ ಅಷ್ಟೆ. ಇನ್ನೊಂದು, ತೆರೆದ ಟ್ಯೂಬು ಉಳಿಯುವುದಿಲ್ಲ. ನಾಝಲಿಗೆ ಸ್ಕ್ರೂ ತುರುಕಿ ಟೇಪು ಸುತ್ತಿದರೂ ಕೆಲವು ದಿನದಲ್ಲಿ ಒಳಗೇ ಕಡ್ಡಿಯಾಗುತ್ತದೆ. ಎಲ್ಲ ಜಾಯಿಂಟು ತಯಾರಾದ ಮೇಲೇ ಟ್ಯೂಬು ಕತ್ತರಿಸಿ. ಈ ಎರಡಕ್ಕೆ ಒಂದು ಸ್ಟಾರ್ ಕಡಿಮೆ, ಐದಕ್ಕೆ ನಾಲ್ಕು.

ಕೊಳ್ಳುವಾಗ ತಯಾರಿಕೆಯ ತಾರೀಕು ನೋಡಿ. ಸಾಮಾನ್ಯವಾಗಿ 9ರಿಂದ 12 ತಿಂಗಳ ಬಾಳಿಕೆ. ಅಂಗಡಿಯ ಮೂಲೆಯಲ್ಲಿ ಕೂತ ಹಳೇ ಮಾಲು ಒತ್ತಿದರೆ ಕಲ್ಲು. ಬಾಗಿಲಿನ ಕೆಳ ಅಂಚಿನಲ್ಲಿ, ರನ್ನಿಂಗ್ ಬೋರ್ಡಿನ ತಳದಲ್ಲಿ ನೀರು ಹೊರಗೆ ಹೋಗುವ ತೂತುಗಳಿರುತ್ತವೆ, ಹುಮ್ಮಸ್ಸಿನಲ್ಲಿ ಅವನ್ನು ಮುಚ್ಚಬೇಡಿ. ಸೀಲರ್ ತಲುಪದ ಪೊಳ್ಳು ಜಾಗಗಳಿಗೆ ಪೇಂಟಿಂಗ್ ಮುಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸಿ. ರೂಫಿನ ಚಾನೆಲನ್ನು ಮುಂದಿನ ಸಲ ನಾನು ಎಂಎಸ್ ಪಾಲಿಮರ್ ಅನ್ನುವ ಇನ್ನೊಂದು ಜಾತಿಯ ಸೀಲರಿನಲ್ಲಿ ಮಾಡಿಸುತ್ತೇನೆ. ಅದು ಬಿಸಿಲು ತಡೆಯುವುದರಲ್ಲಿ ಮೇಲು, ಐಸೊಸಯನೇಟಿನ ಕಾಟವೂ ಇಲ್ಲ. ಫ್ಲೋರಿಗೆ ಮಾತ್ರ ಮತ್ತೆ ಪಿಯು.